ಹಲಸೋ, ರಾಗಿಯೋ?



ಮರವನ್ನೊಮ್ಮೆ ನೆಟ್ಟರೆ ಸಾಕು, ಪ್ರತಿವರ್ಷವೂ ಉತ್ತು ಬಿತ್ತುವ ಕಷ್ಟವೇಕೆ, ಹಣ್ಣನ್ನೇ ತಿಂದು ಬಾಳಬಾರದೇಕೆ ಎಂದು ಮಿತ್ರರೊಬ್ಬರು ಕೇಳಿದರು. ನಾನು ವಕೀಲನು, ಉಭಯ ಪಕ್ಷಗಳ ಸಾಕ್ಷ್ಯವನ್ನೂ ತಮ್ಮ ಮುಂದಿಡುತ್ತೇನೆ.

ಹಲಸಿನ ಪಕ್ಷವು ದುರ್ಬಲವಾದುದಲ್ಲ. ‘ಹಸಿದು ಹಲಸು, ಉಂಡು ಮಾವು’ ಎಂಬ ಗಾದೆಯೇ ಅದು ಹೊಟ್ಟೆಗೆ ಆಧಾರವೆಂದು ಸಾರುತ್ತದೆ. ಎಳೆಗಾಯಿ ಪಲ್ಯಕ್ಕೆ, ಬಲಿತ ತೊಳೆ ಹಪ್ಪಳಕ್ಕೆ, ಬೀಜ ಸಾರಿಗೆ. ಬೇರುಗಳು ಇಳಿಜಾರಿನ ಮಣ್ಣನ್ನು ಹಿಡಿದಿಡುತ್ತವೆ. ಬೆಳೆದ ಮರವು ಒಂದು ಮಳೆ ತಪ್ಪಿದ ಮಾತ್ರಕ್ಕೆ ಸಾಯದು.

ಇನ್ನು ರಾಗಿಯ ಪಕ್ಷ. ಹಲಸಿನ ತೊಳೆಯಲ್ಲಿ ಸುಮಾರು ಮುಕ್ಕಾಲು ಪಾಲು ನೀರು; 100 ಗ್ರಾಮಿನಲ್ಲಿ 100 ಕ್ಯಾಲೊರಿಯಷ್ಟೂ ಇಲ್ಲ. ಅಷ್ಟೇ ರಾಗಿಯಲ್ಲಿ 300ಕ್ಕೂ ಮಿಕ್ಕಿ ಇದೆ. ಸುಣ್ಣದ ಅಂಶವೂ ಹೇರಳ. ಸಸಿಯು ಫಲಕ್ಕೆ ಬರಲು ಹಲವು ವರ್ಷ ಬೇಕು. ರಾಗಿಯು ಸುಮಾರು ನಾಲ್ಕು ತಿಂಗಳಲ್ಲಿ ಕೊಯ್ಲಿಗೆ ಬರುವುದು. ಹಣ್ಣು ಕೆಲವೇ ದಿನಗಳಲ್ಲಿ ಕೊಳೆಯುವುದು; ಹಗೇವಿನ ರಾಗಿ ವರ್ಷಗಟ್ಟಲೆ ಕೆಡದು. 1876–78ರ ಕ್ಷಾಮದಲ್ಲಿ ಮೈಸೂರು ಸೀಮೆಯ ಲಕ್ಷಾಂತರ ಜನರು ಮಡಿದರು. ಅಂಥ ಕಾಲಕ್ಕೆ ಪ್ರಾಣ ಉಳಿಸುವುದು ಕೂಡಿಟ್ಟ ಕಾಳೇ ಹೊರತು ಕಳೆದ ಬೇಸಿಗೆಯ ಹಣ್ಣಲ್ಲ.

ಆದರೆ ಮರ ನೆಡದಿರುವುದಕ್ಕೆ ಬೇರೊಂದು ಕಾರಣವೂ ಇತ್ತು. ಬರುವ ವರ್ಷ ಭೂಮಿಯು ತನ್ನ ಕೈಯಲ್ಲಿರುವುದೋ ಇಲ್ಲವೋ ಎಂದರಿಯದ ಗೇಣಿದಾರನು ಮೊಮ್ಮಗನಿಗಾಗಿ ಸಸಿ ನೆಡುವುದೆಂತು? ಗೇಣಿಯನ್ನು ರದ್ದುಪಡಿಸಿದ ಕಾನೂನು 1974ರಲ್ಲಿ ಜಾರಿಗೆ ಬಂದಿತು. ಆ ಕಾನೂನಿನಿಂದ ಹೊಲ ಪಡೆದವನಿಗೆ ಇಂದು ಬದುವೂ ತನ್ನದೇ.

ಆದುದರಿಂದ ನನ್ನ ವಿನಂತಿ ಇಷ್ಟೇ: ಹೊಲದಲ್ಲಿ ರಾಗಿಯೇ ಇರಲಿ, ನೆರಳು ಪೈರನ್ನು ಮುಚ್ಚದಂತೆ ಬದುವಿನ ಮೇಲೆ ಹಲಸೂ ಬೆಳೆಯಲಿ. ಒಂದು ಈ ವರ್ಷದ ಊಟ, ಇನ್ನೊಂದು ಮಕ್ಕಳ ಪಾಲು.