ಶಾಲೆಯ ಗಂಟೆಯೂ ಶನಿವಾರದ ಸಂಜೆಯೂ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಪ್ರಾಥಮಿಕ ಶಾಲೆಯ ಪಾಠ ಮತ್ತು ಶಾಲೆ ಬಿಟ್ಟ ಮೇಲಿನ ಮಕ್ಕಳ ಕೂಟ, ಈ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆಮಾಡಿದ್ದಾರೆ. ನಾನು ಶಿಕ್ಷಣಶಾಸ್ತ್ರವನ್ನು ಓದಿದವನಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಮಕ್ಕಳ ಮನಸ್ಸಿನ ಆಳ ನನಗೆ ತಿಳಿಯದು. ಕೂಡುವುದು, ಕಳೆಯುವುದು ಅಷ್ಟಿಷ್ಟು ತಿಳಿದೀತು. ಆದುದರಿಂದ ಮೊದಲು ಒಂದು ಲೆಕ್ಕವನ್ನೇ ತಮ್ಮ ಮುಂದಿಡುತ್ತೇನೆ.

2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು. ವರ್ಷದಲ್ಲಿರುವುದು 8,760 ಗಂಟೆ. ಮಗು ದಿನಕ್ಕೆ ಹತ್ತು ಗಂಟೆ ಮಲಗಿತೆಂದರೆ 3,650 ಹೋಯಿತು. ಎಚ್ಚರವಾಗಿರುವುದು 5,110 ಗಂಟೆ. ಅದರಲ್ಲಿ ಶಾಲೆಯ 800 ಕಳೆದರೆ ಉಳಿದದ್ದು 4,310. ಕಾಯಿದೆ ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ನಡೆದು ಶಾಲೆ ಸಾವಿರ ಗಂಟೆಯನ್ನೇ ತೆಗೆದುಕೊಂಡರೂ, ಉಳಿಯುವುದು ನಾಲ್ಕು ಸಾವಿರಕ್ಕೂ ಮಿಕ್ಕು.

ಆ ಎಂಟುನೂರು ಗಂಟೆಗಾಗಿ ನಾವು ಪಡುವ ಪಾಡು ಎಷ್ಟು! ಪ್ರವೇಶಕ್ಕಾಗಿ ಸರದಿಯಲ್ಲಿ ನಿಲ್ಲುತ್ತೇವೆ, ಶುಲ್ಕಕ್ಕಾಗಿ ಸಾಲ ಮಾಡುತ್ತೇವೆ, ಅಂಕ ಒಂದು ಕಡಿಮೆಯಾದರೆ ಊಟ ಬಿಡುತ್ತೇವೆ. ಉಳಿದ ನಾಲ್ಕು ಸಾವಿರ ಗಂಟೆಯ ಲೆಕ್ಕವನ್ನು ಕೇಳುವವರು ಯಾರು? ಈ ಮುಂಬಯಿಯಲ್ಲಿ ಅಪ್ಪ ಲೋಕಲ್ ಗಾಡಿಯಿಂದಿಳಿದು ಮನೆ ಸೇರುವಾಗ ಮಗುವಿಗೆ ತೂಕಡಿಕೆ. ಅಮ್ಮನೂ ಅದೇ ಗಾಡಿಯ ಇನ್ನೊಂದು ಡಬ್ಬಿಯಲ್ಲಿ. ಮನೆ ಒಂದೂವರೆ ಕೋಣೆ. ಆಡಲು ಅಂಗಳವಿಲ್ಲ. ಹೀಗಾಗಿ ಶಾಲೆ ಬಿಟ್ಟ ಮಗು ಟ್ಯೂಷನ್ನಿಗೆ ಹೋಗುತ್ತದೆ. ಟ್ಯೂಷನ್ ಬಿಟ್ಟ ಮಗುವಿನ ಕೈಗೆ ಮೊಬೈಲ್ ಬರುತ್ತದೆ. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಊರು ಇರುವುದೇ ಹಾಗೆ.

ಇನ್ನು ಕನ್ನಡದ ಮಾತು. 1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ಸೀಮೆ ಒಂದಾಯಿತೆಂದು ನಾವು ಈ ಹಬ್ಬವನ್ನು ಆಚರಿಸುತ್ತೇವೆ. ಅದೇ ದಿನ ಜಾರಿಗೆ ಬಂದ ಏಳನೆಯ ತಿದ್ದುಪಡಿಯಿಂದ ನಮ್ಮ ಸಂವಿಧಾನಕ್ಕೆ 350ಎ ಎಂಬ ವಿಧಿಯೊಂದು ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಅದು ಹೇಳುತ್ತದೆ. ಗಡಿಯ ಒಳಗಿನವರಿಗೆ ರಾಜ್ಯ ಸಿಕ್ಕ ದಿನವೇ ಗಡಿಯ ಹೊರಗುಳಿದ ನಮ್ಮಂಥವರ ಮಕ್ಕಳನ್ನೂ ನೆನೆಯಲಾಗಿತ್ತು. ಮುಂಬಯಿ ನಗರಪಾಲಿಕೆ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತಿದೆ. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರು ರಾತ್ರಿಶಾಲೆಯಲ್ಲಿ ಕನ್ನಡ ಓದಿ ಮೇಲೆ ಬಂದ ಊರಿದು. ಅಂಥವರಲ್ಲಿ ಕೆಲವರು ಇಲ್ಲಿ ಮುಂದಿನ ಸಾಲಿನಲ್ಲಿಯೇ ಕುಳಿತಿದ್ದೀರಿ.

ಆದರೆ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಇಂದು ಇಂಗ್ಲಿಷ್ ಶಾಲೆಗಳಲ್ಲಿದ್ದಾರೆ. ಅಲ್ಲಿ ಮರಾಠಿಯನ್ನೂ ಕಲಿಯುತ್ತಾರೆ. 2020ರ ಕಾಯಿದೆ ಅದನ್ನು ಎಲ್ಲ ಶಾಲೆಗಳಿಗೂ ಕಡ್ಡಾಯಮಾಡಿದೆ. ಅದು ಸರಿಯೇ. ಉಂಡ ಮನೆಯ ಭಾಷೆ ಬಾರದಿರುವುದು ಶೋಭೆಯಲ್ಲ. ಹಿಂದಿ ಬೀದಿಯಲ್ಲಿ ಬರುತ್ತದೆ. ಶಾಲೆಯ ಎಂಟುನೂರು ಗಂಟೆಗಳು ಹೀಗೆ ಭರ್ತಿಯಾದವು. ಅಲ್ಲಿ ಕನ್ನಡಕ್ಕೆ ಜಾಗ ಕೊಡಿರೆಂದು ಕೂಗಾಡಿ ಫಲವಿಲ್ಲ. ಜಾಗವಿರುವುದು ಉಳಿದ ನಾಲ್ಕು ಸಾವಿರದಲ್ಲಿ.

“ನಮ್ಮ ಮಗುವಿಗೆ ಅಕ್ಷರ ಬರುತ್ತದಲ್ಲ, ಇನ್ನೇನು ಬೇಕು?” ಎಂದು ಕೆಲವರು ಕೇಳುತ್ತಾರೆ. ನಮ್ಮ ಕಟ್ಟಡದಲ್ಲಿ ಎಂಟು ವರ್ಷದ ಒಬ್ಬ ಹುಡುಗಿಯಿದ್ದಾಳೆ. ಅ ಆ ಇ ಈ ಇಂದ ಳ ವರೆಗೆ ಒಂದೂ ತಪ್ಪಿಲ್ಲದೆ ಬರೆಯುತ್ತಾಳೆ. ಗದಗಿನಿಂದ ಅಜ್ಜ ಫೋನುಮಾಡಿ, “ಊಟಾತೇನವಾ? ಮತ್ತೇನ್ ಸುದ್ದಿ?” ಎಂದರೆ “ಹೂಂ” ಎಂದಷ್ಟೇ ಹೇಳಿ ಫೋನನ್ನು ತಾಯಿಗೆ ಕೊಟ್ಟುಬಿಡುತ್ತಾಳೆ. ಅಕ್ಷರ ಇದೆ, ಮಾತಿಲ್ಲ. ನಮ್ಮ ಬ್ಯಾಂಕಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಗ್ರಾಹಕರು ಯಾವ ವ್ಯವಹಾರವನ್ನೂ ಮಾಡದ ಖಾತೆಗೆ ನಿಷ್ಕ್ರಿಯ ಖಾತೆ ಎನ್ನುತ್ತೇವೆ. ಅದರ ಹಣ ಎಲ್ಲಿಯೂ ಕರಗುವುದಿಲ್ಲ. ಹತ್ತು ವರ್ಷವಾದ ಮೇಲೆ ರಿಸರ್ವ್ ಬ್ಯಾಂಕಿನ ನಿಧಿಗೆ ಹೋದರೂ ವಾರಸುದಾರರು ಕಾಗದಪತ್ರ ತೋರಿಸಿ ಪಡೆಯಬಹುದು. ಭಾಷೆಗೆ ಅಂಥ ನಿಧಿ ಇಲ್ಲ. ವ್ಯವಹಾರ ನಿಂತರೆ ಅಸಲೇ ಹೋಗುತ್ತದೆ.

ಹಾಗಾದರೆ ಶನಿವಾರ ಇನ್ನೊಂದು ಕನ್ನಡ ತರಗತಿ ತೆರೆಯೋಣವೆ? ಇಲ್ಲಿಯೇ ನಾವು ಎಚ್ಚರಿಕೆಯಿಂದಿರಬೇಕು. ಐದು ದಿನ ಬೆಂಚಿನ ಮೇಲೆ ಕುಳಿತ ಮಗುವನ್ನು ಆರನೆಯ ದಿನವೂ ಬೆಂಚಿನ ಮೇಲೆ ಕೂರಿಸಿದರೆ ಅದು ಕನ್ನಡವನ್ನು ಕಲಿಯುವುದಿಲ್ಲ. ಕನ್ನಡದ ಮೇಲೆ ಮುನಿಸನ್ನು ಕಲಿಯುತ್ತದೆ. ತರಗತಿ ಬೇರೆ, ಕೂಟ ಬೇರೆ. ತರಗತಿಯಲ್ಲಿ ಪಾಠ ಮುಂದೆ, ಮಗು ಅದರ ಹಿಂದೆ. ಕೂಟದಲ್ಲಿ ಮಗುವಿನ ಇಷ್ಟ ಮುಂದೆ. ಪಾಠ ಸದ್ದಿಲ್ಲದೆ ಹಿಂದಿನಿಂದ ಬರಬೇಕು. ವಕೀಲಿ ವೃತ್ತಿಯನ್ನು ಬಿಟ್ಟು ಮಕ್ಕಳ ಶಿಕ್ಷಣಕ್ಕೆ ಬಂದು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ ಅವರು ‘ದಿವಾಸ್ವಪ್ನ’ ಎಂಬ ಪುಸ್ತಕ ಬರೆದಿದ್ದಾರೆ. ಅದರಲ್ಲಿ ಬರುವ ಶಿಕ್ಷಕ ಮಕ್ಕಳನ್ನು ಒಲಿಸಿಕೊಳ್ಳುವುದು ಪಾಠಪುಸ್ತಕದಿಂದಲ್ಲ, ಕಥೆಯಿಂದ. ಕಥೆಗೆ ಕಿವಿಗೊಟ್ಟ ಮಕ್ಕಳು ತಾವಾಗಿಯೇ ಪುಸ್ತಕಕ್ಕೆ ಕೈಚಾಚುತ್ತಾರೆ.

ಇನ್ನೊಂದು ತೊಡಕುಂಟು. ನಮ್ಮ ಮಕ್ಕಳೆಲ್ಲ ಒಂದೇ ಮಟ್ಟದವರಲ್ಲ. ಒಬ್ಬನ ಮನೆಮಾತು ತುಳು, ಇನ್ನೊಬ್ಬಳದು ಕೊಂಕಣಿ, ಮತ್ತೊಬ್ಬನದು ಧಾರವಾಡದ ಕನ್ನಡ. ಆರು ವರ್ಷದವರೂ ಇದ್ದಾರೆ, ಹನ್ನೊಂದು ವರ್ಷದವರೂ ಇದ್ದಾರೆ. ಇವರನ್ನು ಒಟ್ಟಿಗೆ ಕೂರಿಸಿ ಏನು ಮಾಡುವುದು? ಇದಕ್ಕೆ ಉತ್ತರ ನಮ್ಮ ನಾಡಿನಲ್ಲಿಯೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ ‘ನಲಿ-ಕಲಿ’ ಆರಂಭವಾಯಿತು. ಆಂಧ್ರದ ರಿಷಿವ್ಯಾಲಿ ಶಾಲೆಯ ಪದ್ಧತಿ ಅದಕ್ಕೆ ಪ್ರೇರಣೆ. ಕೆಳ ತರಗತಿಗಳ ಮಕ್ಕಳು ಅಲ್ಲಿ ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಪಾಠ ಸಣ್ಣಸಣ್ಣ ಕಾರ್ಡುಗಳಲ್ಲಿ, ಏಣಿಯ ಮೆಟ್ಟಿಲಿನಂತೆ ಇರುತ್ತದೆ. ಕೆಲವರು ಶಿಕ್ಷಕರ ನೆರವಿನಿಂದ, ಕೆಲವರು ಜೊತೆಗಾರರ ನೆರವಿನಿಂದ, ಕೆಲವರು ತಾವೇ ತಾವಾಗಿ ಕಲಿಯುತ್ತಾರೆ. ಜ್ವರ ಬಂದು ವಾರ ಬಾರದ ಮಗು ತಾನು ನಿಂತ ಮೆಟ್ಟಿಲಿನಿಂದಲೇ ಮುಂದೆ ಹತ್ತುತ್ತದೆ, ಹಿಂದುಳಿದವನೆಂಬ ಅವಮಾನವಿಲ್ಲ. ಕಾಡಂಚಿನ ಆ ತಾಲ್ಲೂಕಿನ ಶಾಲೆಗಳಲ್ಲಿ ಆದದ್ದು ಈ ಸಂಘದ ಕೋಣೆಯಲ್ಲಿ ಆಗಬಾರದೆಂದಿಲ್ಲ.

ಹೀಗಾಗಿ ನನ್ನ ಬಿನ್ನಹವಿಷ್ಟು. ಶನಿವಾರ ಸಂಜೆ ನಮ್ಮ ಈ ಕೋಣೆ ಖಾಲಿ ಬಿದ್ದಿರುತ್ತದೆ. ಕುರ್ಚಿಗಳು ಒಂದರ ಮೇಲೊಂದು ಕುಳಿತು ವಿಶ್ರಮಿಸುತ್ತಿರುತ್ತವೆ. ವರ್ಷಕ್ಕೆ 40 ಶನಿವಾರ, ವಾರಕ್ಕೆ ಎರಡು ಗಂಟೆ ಅದನ್ನು ಮಕ್ಕಳಿಗೆ ಬಿಟ್ಟುಕೊಡೋಣ. 80 ಗಂಟೆಯಾಯಿತು; ಶಾಲೆಯ 800ರ ಹತ್ತನೆಯ ಒಂದು ಪಾಲು. ಸಣ್ಣ ಮೊತ್ತವೆಂದು ಬಗೆಯಬೇಡಿ. ತಿಂಗಳು ತಿಂಗಳೂ ತಪ್ಪದೆ ಕಟ್ಟುವ ಸಣ್ಣ ಕಂತಿನ ಬೆಲೆ ಏನೆಂಬುದನ್ನು ಮದುವೆ ಎದುರಾದಾಗ ತಂದೆತಾಯಿಗಳು ಬಲ್ಲರು.

ಅಲ್ಲಿ ಏನು ನಡೆಯಬೇಕು? ಅರ್ಧ ಗಂಟೆ ಕಥೆ. ಹೇಳುವವರು ನಮ್ಮ ಅಜ್ಜಿಯರು, ಅವರವರ ಊರಿನ ಕನ್ನಡದಲ್ಲಿಯೇ. ಆಮೇಲೆ ಚೌಕಾಬಾರ, ಅಳಿಗುಳಿಮಣೆ, ಲೆಕ್ಕವೆಲ್ಲ ಕನ್ನಡದಲ್ಲಿ. ಬಸ್ಸಿನ ಮೇಲಿನ ಮರಾಠಿ ಅಂಕಿಗಳನ್ನು ನಮ್ಮ ಮಕ್ಕಳು ಓದಬಲ್ಲರು. ಅದರ ಪಕ್ಕದಲ್ಲಿ ಕನ್ನಡದ ಅಂಕಿಯನ್ನು ಬರೆಯುವುದೂ ಒಂದು ಆಟವೇ. ದೊಡ್ಡವರಿಗೆ ಗೋಡೆಪತ್ರಿಕೆ. ತಿಂಗಳಿಗೊಮ್ಮೆ ಪ್ರತಿಯೊಂದು ಮಗುವೂ ಊರಿನ ಅಜ್ಜನಿಗೋ ಅತ್ತೆಗೋ ಒಂದು ಅಂಚೆ ಕಾರ್ಡು ಬರೆಯಲಿ. ಅಜ್ಜನ ಸೊಟ್ಟ ಅಕ್ಷರದ ಉತ್ತರ ಬಂದಾಗ ಅದನ್ನು ಓದಲು ಆ ಮಗು ಪಡುವ ಶ್ರಮವನ್ನು ಯಾವ ಪಾಠಪುಸ್ತಕವೂ ಪಡಿಸಲಾರದು. ನಡುವೆ ಒಗ್ಗರಣೆ ಅವಲಕ್ಕಿ ಇರಲೇಬೇಕು. ಪರೀಕ್ಷೆ, ಅಂಕ, ಬಹುಮಾನ ಇರಕೂಡದು.

“ಗಣಿತದ ಟ್ಯೂಷನ್ ತಪ್ಪುತ್ತದೆ” ಎಂಬ ಆಕ್ಷೇಪಣೆ ಬಂದಿದೆ. ವಾರದ ಎರಡು ಗಂಟೆಯಿಂದ ಕೆಡುವ ಗಣಿತ ಮೊದಲೇ ಕೆಟ್ಟಿರಬೇಕು. “ಮಕ್ಕಳು ಬಾರದಿದ್ದರೆ?” ಎಂದು ಮತ್ತೊಂದು. ಬಾರದಿರುವ ಸ್ವಾತಂತ್ರ್ಯ ಅವರಿಗಿರಲಿ. ಎರಡು ವಾರ ಮಗು ಬಾರದಿದ್ದರೆ ಅದನ್ನು ಗದರಿಸುವುದು ಬೇಡ. ನಮ್ಮ ಆಟದಲ್ಲಿ ಏನೋ ಸಪ್ಪೆಯಿದೆಯೆಂದು ತಿಳಿದು ನಾವು ತಿದ್ದಿಕೊಳ್ಳೋಣ. ಹಾಜರಿ ಪುಸ್ತಕ ಮಕ್ಕಳ ಪರೀಕ್ಷೆಯಲ್ಲ, ನಮ್ಮದು.

“ನಡೆಸುವವರು ಯಾರು?” ಇದೊಂದೇ ನಿಜವಾದ ಪ್ರಶ್ನೆ. ರಾಜ್ಯೋತ್ಸವದ ದಿನ ವೇದಿಕೆಗೆ ಜನ ಸಿಗುತ್ತಾರೆ. ಜುಲೈ ತಿಂಗಳ ಮಳೆಯಲ್ಲಿ, ಹಳಿಯ ಮೇಲೆ ನೀರು ನಿಂತ ಶನಿವಾರ, ಬೀಗದ ಕೈ ಹಿಡಿದುಕೊಂಡು ಬರುವವರು ಬೇಕು. ವಾರಕ್ಕೆ ಇಬ್ಬರು ಹಿರಿಯರಂತೆ 40 ವಾರಕ್ಕೆ 80 ಪಾಳಿ. ಇಪ್ಪತ್ತು ಜನ ಸೇರಿದರೆ ಒಬ್ಬೊಬ್ಬರ ಪಾಲಿಗೆ ವರ್ಷಕ್ಕೆ ನಾಲ್ಕು ಸಂಜೆ ಮಾತ್ರ. ಬ್ಯಾಂಕಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆಯಿರುವುದರಿಂದ ನಾನು ಎಂಟು ಪಾಳಿಗಳನ್ನು ಬರೆದುಕೊಂಡಿದ್ದೇನೆ. ಉಳಿದ 72 ಸಾಲುಗಳು ಖಾಲಿಯಿವೆ.

ಪುಸ್ತಕ ಬಾಗಿಲ ಬಳಿಯ ಮೇಜಿನ ಮೇಲಿದೆ. ಪಕ್ಕದಲ್ಲಿ ಪೆನ್ನೂ ಇದೆ. ಚಹಾಕ್ಕೆ ಹೋಗುವ ಮುನ್ನ ಅತ್ತ ಒಮ್ಮೆ ದಯಮಾಡಿಸಬೇಕೆಂದು ಪ್ರಾರ್ಥಿಸುತ್ತೇನೆ.