ಅಜ್ಜಿಯ ಸಾರನ್ನು ಹುಡುಕುವ ಮೂಗು

ಮಕ್ಕಳೇ, ಇಟಲಿಯ ಪೂರ್ವಕ್ಕೆ, ಏಡ್ರಿಯಾಟಿಕ್ ಸಮುದ್ರದ ಆಚೆ ದಡದಲ್ಲಿ ಕ್ರೊಯೇಷಿಯಾ ಎಂಬ ಪುಟ್ಟ ದೇಶವಿದೆ. ಅದರ ಉತ್ತರ ಭಾಗದಲ್ಲಿ ಅಜ್ಜಿಯರು ಮಾಡುವ ಒಂದು ಸಾರಿನ ಹೆಸರು ಪ್ರೆಜ್ಗಾನಾ ಯೂಹಾ. ಗೋಧಿ ಹಿಟ್ಟು, ಒಂದಿಷ್ಟು ಕೊಬ್ಬು ಅಥವಾ ಎಣ್ಣೆ, ಕ್ಯಾರವೇ ಎಂಬ ಕಾಳು, ಖಾರವಿಲ್ಲದ ಕೆಂಪು ಮೆಣಸಿನ ಪುಡಿ ಚಿಟಿಕೆ, ನೀರು, ಉಪ್ಪು, ಒಂದು ಮೊಟ್ಟೆ ಇದ್ದರೆ ಆಯಿತು. ಮನೆಯಲ್ಲಿ ಹೆಚ್ಚೇನೂ ಇಲ್ಲದ ದಿನವೂ ಆಗುವ ಅಡುಗೆ ಅದು.

ಅಲ್ಲಿ ಅಜ್ಜಿಗೆ ‘ಬಾಕಾ’ ಎನ್ನುತ್ತಾರೆ. ಅಂಥ ಒಬ್ಬ ಬಾಕಾ ಈಗಿಲ್ಲ ಎಂದುಕೊಳ್ಳಿ. ಅವರು ಏನನ್ನೂ ಬರೆದಿಟ್ಟಿಲ್ಲ, ಅಳತೆಯೆಲ್ಲ ಅವರ ಕೈಯಲ್ಲೇ ಇತ್ತು. ಮೊಮ್ಮಗಳಿಗೆ ಆ ಸಾರು ಮತ್ತೆ ಬೇಕು. ಅವಳಿಗೆ ನೆನಪಿರುವುದು ಇಷ್ಟೇ: ಸಾರು ಕಂದು ಬಣ್ಣಕ್ಕಿತ್ತು, ತೆಳ್ಳಗಿತ್ತು, ಘಮ್ಮೆನ್ನುತ್ತಿತ್ತು. ಇಷ್ಟರಿಂದ ಸಾರು ಸಿಕ್ಕೀತೇ? ಬನ್ನಿ, ನಾವೂ ಅವಳ ಒಲೆಯ ಪಕ್ಕ ನಿಂತು ನೋಡೋಣ.

ಮೊದಲು ಬಣ್ಣ. ಹಿಟ್ಟನ್ನು ನೀರಿನಲ್ಲಿ ಎಷ್ಟು ಹೊತ್ತು ಕುದಿಸಿದರೂ ಅದು ಬೆಳ್ಳನೆಯ ಗಂಜಿಯಾಗುತ್ತದೆಯೇ ಹೊರತು ಕಂದಾಗುವುದಿಲ್ಲ. ತೆರೆದ ಪಾತ್ರೆಯಲ್ಲಿ ಕುದಿಯುವ ನೀರು ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಹಿಟ್ಟು ಬೇಗ ಕಂದಾಗಲು ಸುಮಾರು 140 ಡಿಗ್ರಿ ಬೇಕು. ಬಿಸಿ ಎಣ್ಣೆಯಲ್ಲಿ ಹುರಿದಾಗ ಅಷ್ಟು ಕಾವು ಸಿಗುತ್ತದೆ. ಆಗ ಹಿಟ್ಟಿನಲ್ಲಿರುವ ಸಕ್ಕರೆಯ ಅಂಶವೂ ಪ್ರೋಟೀನಿನ ಅಂಶವೂ ಕೂಡಿಕೊಂಡು, ಮೊದಲು ಇರದಿದ್ದ ನೂರಾರು ಪರಿಮಳದ ವಸ್ತುಗಳು ಹುಟ್ಟುತ್ತವೆ. ಇದನ್ನು 1912ರಲ್ಲಿ ವಿವರಿಸಿದವರು ಫ್ರಾನ್ಸಿನ ಲೂಯಿ ಕಮೀಯ್ ಮಯ್ಯಾರ್. ಅದಕ್ಕೇ ಇದು ಮಯ್ಯಾರ್ ಕ್ರಿಯೆ. ಚಪಾತಿಯ ಮೇಲೆ ಮೂಡುವ ಕಂದು ಚುಕ್ಕೆಗಳೂ ಅದರದೇ ಕೆಲಸ.

ಇನ್ನು ತೆಳ್ಳಗಿದ್ದದ್ದು. ಹಿಟ್ಟಿನ ಪಿಷ್ಟದಲ್ಲಿ ಉದ್ದುದ್ದ ಸರಪಳಿಗಳಿವೆ. ಬಿಸಿನೀರು ಸೇರಿದಾಗ ಪಿಷ್ಟ ಉಬ್ಬಿ ನೀರನ್ನು ಹಿಡಿದಿಡುತ್ತದೆ, ಸಾರು ಮಂದವಾಗುತ್ತದೆ. ಹೆಚ್ಚು ಹುರಿದಷ್ಟೂ ಆ ಸರಪಳಿಗಳು ತುಂಡಾಗುತ್ತವೆ, ಮಂದ ಮಾಡುವ ಶಕ್ತಿ ಕುಗ್ಗುತ್ತದೆ. ಹಾಗಾದರೆ ನೋಡಿ, ಕಂದು ಬಣ್ಣ, ತೆಳುವು ಎರಡೂ ಒಂದೇ ಮಾತು ಹೇಳುತ್ತಿವೆ: ಬಾಕಾ ಹಿಟ್ಟನ್ನು ಚೆನ್ನಾಗಿ ಹುರಿಯುತ್ತಿದ್ದರು! ನನಗಂತೂ ಈ ಪತ್ತೇದಾರಿಕೆ ಬಹಳ ಇಷ್ಟ.

ಕೊನೆಗೆ ಘಮ, ಎಲ್ಲಕ್ಕಿಂತ ಸೊಗಸಾದ ಭಾಗ. ಕ್ಯಾರವೇ ಕಾಳು ನೋಡಲು ನಮ್ಮ ಜೀರಿಗೆಯಂತೆಯೇ ಇರುತ್ತದೆ. ಕೊತ್ತಂಬರಿ, ಸೋಂಪು, ಜೀರಿಗೆ, ಕ್ಯಾರವೇ ಎಲ್ಲವೂ ಒಂದೇ ಸಸ್ಯ ಕುಟುಂಬದವು. ಆದರೂ ಕ್ಯಾರವೇ ಬದಲು ಜೀರಿಗೆ ಹಾಕಿದರೆ ಸಾರು ಕೆಟ್ಟಿತೆಂದೇ ಲೆಕ್ಕ. ಕ್ಯಾರವೇಯ ಘಮಕ್ಕೆ ಮುಖ್ಯ ಕಾರಣ ಕಾರ್ವೋನ್ ಎಂಬ ವಸ್ತು. ಜೀರಿಗೆಯದು ಬೇರೆಯೇ.

ಈ ಕಾರ್ವೋನ್‌ನ ಒಂದು ಕಣದಲ್ಲಿ 10 ಇಂಗಾಲ, 14 ಜಲಜನಕ, 1 ಆಮ್ಲಜನಕದ ಪರಮಾಣುಗಳಿವೆ. ಪುದೀನದ ಜಾತಿಯ ಸ್ಪಿಯರ್‌ಮಿಂಟ್ ಸೊಪ್ಪಿನಲ್ಲೂ ಇದೇ ಕಾರ್ವೋನ್ ಇದೆ, ಅಷ್ಟೇ ಪರಮಾಣುಗಳು, ಅದೇ ಜೋಡಣೆ. ಮತ್ತೆ ವಾಸನೆ ಏಕೆ ಬೇರೆ? ನಿಮ್ಮ ಮನೆಬಾಗಿಲಲ್ಲಿರುವ ಒಂದು ಜೊತೆ ಚಪ್ಪಲಿ ನೋಡಿ. ಎರಡೂ ಒಂದೇ ಅಳತೆ, ಒಂದೇ ಚರ್ಮ. ಆದರೆ ಎಡಗಾಲಿನದು ಬಲಗಾಲಿಗೆ ಕೂರುವುದಿಲ್ಲ. ಈ ಎರಡು ಕಾರ್ವೋನ್‌ಗಳೂ ಹಾಗೆಯೇ ಒಂದಕ್ಕೊಂದು ಕನ್ನಡಿಯ ಪ್ರತಿಬಿಂಬ. ಮೂಗಿನೊಳಗೆ ವಾಸನೆ ಹಿಡಿಯುವ ಗ್ರಾಹಕಗಳಿಗೆ ಎಡ-ಬಲದ ವ್ಯತ್ಯಾಸ ತಿಳಿಯುತ್ತದೆ!

ಅಂಥ ಗ್ರಾಹಕಗಳು ನಮ್ಮಲ್ಲಿ ಸುಮಾರು 400 ಬಗೆ. ಅವುಗಳನ್ನು ಪತ್ತೆಹಚ್ಚಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ ಎಂಬ ಐದೇ ರುಚಿ. ಮಿಕ್ಕಿದ್ದರಲ್ಲಿ ಹೆಚ್ಚಿನದು ಗಂಟಲ ಹಿಂಬದಿಯಿಂದ ಮೂಗಿಗೆ ಏರಿದ ವಾಸನೆ. ನಂಬಿಕೆ ಬರದಿದ್ದರೆ ಮೂಗು ಒತ್ತಿ ಹಿಡಿದು ನಾಲ್ಕು ಕಾಳು ಜೀರಿಗೆ ಅಗಿಯಿರಿ, ಆಮೇಲೆ ಬಿಡಿ. ಜೀರಿಗೆ ಆಗಷ್ಟೇ ಬಾಯಿಗೆ ಬಂದಂತಾಗುತ್ತದೆ.

ಮೂಗಿನಿಂದ ಹೊರಟ ಸುದ್ದಿ ಮಿದುಳಿನಲ್ಲಿ ನೆನಪು ಮತ್ತು ಭಾವನೆಯ ಭಾಗಗಳಿಗೆ ಬಹಳ ಹತ್ತಿರದ ದಾರಿಯಲ್ಲಿ ಹೋಗುತ್ತದೆ. ಆದ್ದರಿಂದ ಬಾಕಾ ಸಾರಿನ ಘಮ ಹೇಗಿತ್ತು ಎಂದು ಕೇಳಿದರೆ ಮೊಮ್ಮಗಳಿಗೆ ಹೇಳಲು ಬರದೆ ಇರಬಹುದು. ಆದರೆ ಅದೇ ಘಮ ಬಾಣಲೆಯಿಂದ ಎದ್ದರೆ ಥಟ್ಟನೆ ಗುರುತು ಹಿಡಿಯುತ್ತಾಳೆ. ಅವಳ ಬಳಿ ಇರುವ ಅತ್ಯುತ್ತಮ ಉಪಕರಣ ಅವಳ ಮೂಗೇ.

ಹಾಗಾಗಿ ಅವಳು ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಈ ಸಲ ಹಿಟ್ಟನ್ನು ಇನ್ನಷ್ಟು ಹುರಿದರೆ, ಮಿಕ್ಕಿದ್ದೆಲ್ಲ ಮೊದಲಿನಂತೆಯೇ ಇರಲಿ. ಮುಂದಿನ ಸಲ ಕ್ಯಾರವೇಯನ್ನು ಬಿಸಿ ಎಣ್ಣೆಗೆ ಹಾಕಿ ನೋಡಲಿ. ಕಾರ್ವೋನ್ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ, ನಮ್ಮ ಒಗ್ಗರಣೆಯ ಗುಟ್ಟೂ ಅದೇ. ಪ್ರತಿ ಸಲವೂ ಮೂಸಿ, ರುಚಿ ನೋಡಿ, ಬರೆದಿಡಬೇಕು. ಮೊಟ್ಟೆಯನ್ನು ಕಲಕಿ ಕುದಿಯುವ ಸಾರಿಗೆ ಸಣ್ಣ ಧಾರೆಯಾಗಿ ಬಿಟ್ಟರೆ ಎಳೆ ಎಳೆಯಾಗಿ ಗಟ್ಟಿಯಾಗುತ್ತದೆ. ಅದು ಸುಲಭ.

ನಿಮ್ಮ ಅಜ್ಜಿ ಹತ್ತಿರದಲ್ಲೇ ಇದ್ದರೆ ನಿಮಗೆ ಇಷ್ಟು ಕಷ್ಟವಿಲ್ಲ. ಈ ಭಾನುವಾರ ಪುಸ್ತಕ, ಪೆನ್ಸಿಲ್, ಪುಟ್ಟ ತಕ್ಕಡಿ ಹಿಡಿದು ಅಡುಗೆಮನೆಗೆ ಹೋಗಿ. ಅವರು ‘ಒಂದು ಹಿಡಿ’ ಎಂದಾಗ ಆ ಹಿಡಿಯನ್ನು ಮೊದಲು ತಕ್ಕಡಿಗೆ ಹಾಕಿಸಿ, ತೂಕ ಬರೆದುಕೊಳ್ಳಿ.