ಅಂಕಪಟ್ಟಿಗೂ ಮೊದಲೇ ಆರಂಭವಾಗುವ ಕಲಿಕೆ

(ವಿಜಯನಗರದ ಪಾಲಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



‘ನಮ್ಮ ಹುಡುಗನ ತಲೆಗೆ ಕನ್ನಡ ಹತ್ತುವುದೇ ಇಲ್ಲ’ ಎಂಬ ಮಾತು ವಿಜಯನಗರ, ಬಾಪೂಜಿನಗರ, ಪಾದರಾಯನಪುರಗಳ ಮನೆಗಳಲ್ಲಿ ಅಪರೂಪವಲ್ಲ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಜೊತೆಗೆ ಇಂಗ್ಲಿಷ್. ಎರಡು ಪರೀಕ್ಷೆಗಳಲ್ಲಿ ಅಂಕ ಕಡಿಮೆಯಾದರೆ ಮಗು ದಡ್ಡನೆಂಬ ತೀರ್ಪು ಹೊರಬೀಳುತ್ತದೆ. ಕೆಲವೊಮ್ಮೆ ಆ ತೀರ್ಪೇ ಅವನನ್ನು ಶಾಲೆ ಬಿಡಿಸಿ ಗ್ಯಾರೇಜಿಗೆ ಕಳುಹಿಸುತ್ತದೆ. ಅದೆಷ್ಟು ಅವಸರದ ತೀರ್ಪು ಎಂಬುದನ್ನು ಮಿದುಳಿನ ಅಧ್ಯಯನಗಳ ಬೆಳಕಿನಲ್ಲಿ ಪರಿಶೀಲಿಸೋಣ.

1924ರಲ್ಲಿ ಜರ್ಮನಿಯ ಯೇನಾ ನಗರದ ವೈದ್ಯ ಹ್ಯಾನ್ಸ್ ಬರ್ಗರ್ ಮಾನವನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದರು. ಅದೇ ಇಇಜಿ. ಮೂರ್ಛೆರೋಗದ ತಪಾಸಣೆಗೆಂದು ನಿಮ್ಹಾನ್ಸ್‌ಗೆ ಹೋದವರಿಗೆ ಇದರ ಪರಿಚಯವಿರಬಹುದು. ತಲೆಯ ಮೇಲಿರಿಸಿದ ಪುಟ್ಟ ಲೋಹದ ಬಿಲ್ಲೆಗಳು, ವೋಲ್ಟಿನ ಹತ್ತು ಲಕ್ಷದಲ್ಲೊಂದು ಭಾಗದ ಲೆಕ್ಕದಲ್ಲಿ ಅಳೆಯಬೇಕಾದಷ್ಟು ಕ್ಷೀಣವಾದ ಸಂಕೇತಗಳನ್ನು ಗ್ರಹಿಸುತ್ತವೆ. ತಲೆಯೊಳಗೆ ವಿದ್ಯುತ್ತನ್ನು ಹರಿಸುವುದಿಲ್ಲ. ರಾಜಾಜಿನಗರದಿಂದ ಅನತಿ ದೂರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರದಲ್ಲಿ, ಕಲಿಕೆಗೆ ಬುನಾದಿಯಾದ ಗಮನಶಕ್ತಿಯ ಅಧ್ಯಯನಕ್ಕೂ ಇದು ಬಳಕೆಯಾಗಿದೆ.

ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಗಷ್ಟೇ ಫ್ರೆಂಚ್ ಕಲಿಯತೊಡಗಿದ ಕಾಲೇಜು ವಿದ್ಯಾರ್ಥಿಗಳಿಗೆ ನಿಜವಾದ ಫ್ರೆಂಚ್ ಪದಗಳನ್ನೂ ಹುಸಿ ಪದಗಳನ್ನೂ ತೋರಿಸಲಾಯಿತು. ಸುಮಾರು 14 ಗಂಟೆಗಳ ಪಾಠದ ನಂತರವೂ ಅವರ ಉತ್ತರಗಳು ಕೇವಲ ಊಹೆಯ ಮಟ್ಟದಲ್ಲಿದ್ದವು. ಆದರೆ ಅವರ ಮಿದುಳಿನ ಅಲೆಗಳು ಆಗಲೇ ನಿಜ ಪದಕ್ಕೂ ಹುಸಿ ಪದಕ್ಕೂ ವ್ಯತ್ಯಾಸ ತೋರಿಸುತ್ತಿದ್ದವು. ಬಾಯಿಗೆ ಬಾರದ, ಪರೀಕ್ಷೆಗೆ ಸಿಗದ ಕಲಿಕೆ ಒಳಗೆ ಆರಂಭವಾಗಿತ್ತು! ಅವರು ವಯಸ್ಕರು, ನಿಜ. ಆದರೂ ಮನೆಯಲ್ಲಿಲ್ಲದ ಭಾಷೆಯನ್ನು ಕಲಿಯುತ್ತಿರುವ ನಮ್ಮ ಮಕ್ಕಳ ಕುರಿತು ತಾಳ್ಮೆ ವಹಿಸಲು ಇದಕ್ಕಿಂತ ಬೇರೆ ಕಾರಣ ಬೇಕೇ?

ಹಾಗೆಂದು ಯಂತ್ರವನ್ನೇ ನ್ಯಾಯಾಧೀಶನನ್ನಾಗಿ ಮಾಡಬಾರದು. ಇಂತಹ ಅಧ್ಯಯನಗಳಲ್ಲಿ ಒಂದೇ ಬಗೆಯ ಪ್ರಯೋಗವನ್ನು ಹತ್ತಾರು ಬಾರಿ ನಡೆಸಿ, ಹಲವರ ಅಲೆಗಳ ಸರಾಸರಿ ತೆಗೆದು ತೀರ್ಮಾನಕ್ಕೆ ಬರಲಾಗುತ್ತದೆ. ಅದರಿಂದ ಒಂದು ಮಗುವಿನ ಬುದ್ಧಿಯನ್ನು ತೂಗಲಾಗದು. 2019ರಲ್ಲಿ ಚೀನಾದ ಜಿನ್‌ಹುವಾದ ಶಾಲೆಯೊಂದರಲ್ಲಿ ಮಕ್ಕಳ ಹಣೆಗೆ ಅಲೆಗಳನ್ನು ಅಳೆಯುವ ಪಟ್ಟಿ ಕಟ್ಟಿ, ಅವರ ಗಮನವನ್ನು ಬಣ್ಣದ ದೀಪಗಳಿಂದ ಸೂಚಿಸಲಾಯಿತು. ಜನರ ಆಕ್ರೋಶದ ನಂತರ ಅದನ್ನು ನಿಲ್ಲಿಸಬೇಕಾಯಿತು. ನಮ್ಮ ರಾಜ್ಯದಿಂದಲೇ ಹೋದ ‘ಸೆಲ್ವಿ ವಿರುದ್ಧ ಕರ್ನಾಟಕ ಸರಕಾರ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ, ಆರೋಪಿಯನ್ನು ಬಲವಂತದಿಂದ ಮಿದುಳು ಪರೀಕ್ಷೆಗೆ ಒಳಪಡಿಸುವಂತಿಲ್ಲ ಎಂದಿತು. ಆರೋಪಿಗೂ ಇರುವ ಈ ರಕ್ಷಣೆ ತರಗತಿಯಲ್ಲಿ ಕುಳಿತ ಮಗುವಿಗೆ ಬೇಡವೇ?

ಆದ್ದರಿಂದ, ಅಲೆಗಳನ್ನು ನೋಡಿ ಮಗುವಿನ ಬುದ್ಧಿ ಹೇಳುತ್ತೇವೆಂದು ಹಣ ಕೇಳುವವರಿಂದ ದೂರವಿರಿ. ಮಗು ಹಿಂದುಳಿದಿದ್ದರೆ ಮೊದಲು ಅದರ ಕಣ್ಣು, ಕಿವಿ ಪರೀಕ್ಷಿಸಿ. ಅಧ್ಯಾಪಕರನ್ನು ಭೇಟಿಯಾಗಿ, ಎಲ್ಲಿ ಎಡವುತ್ತಿದೆಯೆಂದು ಕೇಳಿ. ಅಕ್ಷರಗಳನ್ನು ಜೋಡಿಸಿ ಓದುವುದೇ ಕಷ್ಟವೆಂದು ತಿಳಿದರೆ ತಜ್ಞರ ಸಲಹೆ ಪಡೆಯಿರಿ. ದಿನವೂ ಹತ್ತು ನಿಮಿಷ ಅದು ಕನ್ನಡ ಓದುವುದನ್ನು ಪಕ್ಕದಲ್ಲಿ ಕುಳಿತು ಆಲಿಸಿರಿ. ನಿಮಗೆ ಕನ್ನಡ ಓದಲು ಬಾರದಿದ್ದರೂ ಚಿಂತೆಯಿಲ್ಲ. ಇಷ್ಟೆಲ್ಲ ಮಾಡುವ ಮುನ್ನ ಶಾಲೆ ಬಿಡಿಸುವ ಮಾತನ್ನು ದಯವಿಟ್ಟು ಎತ್ತಬೇಡಿ.